ಒಂದೇ ಬೆಡ್‌ರೂಮಿನ ಮನೆಯಲ್ಲಿ ಬೆಕ್ಕಿಗೆ ಎರಡು ತಿಂಗಳ ಆಸರೆ

ಫೆಬ್ರುವರಿ ಕಳೆದು ಬಿಸಿಲು ಏರತೊಡಗಿದರೆ ಸಾಕು, ಪುಣೆಯ ಸೊಸೈಟಿಗಳಲ್ಲಿ ಬೆಕ್ಕಿನ ಮರಿಗಳ ಸುದ್ದಿ ಶುರುವಾಗುತ್ತದೆ. ಪಾರ್ಕಿಂಗ್‌ನ ಹಳೆಯ ಕಾರಿನಡಿ ನಾಲ್ಕು ಮರಿ, ಮೀಟರ್ ಕೋಣೆಯಲ್ಲಿ ಮೂರು, ಪೇಠ್‌ಗಳ ಹಳೆ ವಾಡೆಯ ಮೆಟ್ಟಿಲ ಕೆಳಗೆ ಇನ್ನೆರಡು. ಜೂನ್ ಬಂದು ಮಳೆ ಹಿಡಿದರೆ ಅವುಗಳಲ್ಲಿ ಎಷ್ಟು ಉಳಿಯುತ್ತವೋ ಎಂಬ ಚಿಂತೆ ನೋಡಿದವರಿಗೆಲ್ಲ. ಒಳಗೆ ತಂದಿಟ್ಟುಕೊಳ್ಳೋಣ ಎಂದರೆ ಇರುವುದೇ ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ, ಒಂದು ಬಾಲ್ಕನಿ. ‘ಇಷ್ಟು ಜಾಗದಲ್ಲಿ ಆದೀತೇ?’ ಎಂಬುದು ಕರುಣೆಯಿರುವ ಪ್ರತಿಯೊಬ್ಬರೂ ಕೇಳುವ ಮೊದಲ ಪ್ರಶ್ನೆ.

ಆಗುತ್ತದೆ. ಆದರೆ ಎರಡು ವಿಷಯಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು: ಒಮ್ಮೆಗೆ ಎಷ್ಟು ಬೆಕ್ಕು ಎಂಬ ಎಣಿಕೆ, ಅವು ನಿಮ್ಮ ಮನೆಯಿಂದ ಹೊರಡುವ ದಿನಾಂಕ. 2025ರ ಫೆಬ್ರುವರಿಯಲ್ಲಿ ಪುಣೆಯ ಹಡಪ್ಸರ್‌ನ ಒಂದೇ ಫ್ಲ್ಯಾಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಬೆಕ್ಕುಗಳಿವೆ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ವಾಸನೆ, ಸದ್ದುಗಳ ಬಗ್ಗೆ ನೆರೆಯವರು ದೂರು ಕೊಟ್ಟಿದ್ದರು. ಬೆಕ್ಕುಗಳನ್ನು ಬೇರೆಡೆಗೆ ಸಾಗಿಸುವಂತೆ ಆಡಳಿತ ಸೂಚಿಸಿತು. ಅದು ಮೂರು ಬೆಡ್‌ರೂಮಿನ ಮನೆ, ನಮ್ಮ ನಿಮ್ಮ ಮನೆಗಿಂತ ದೊಡ್ಡದು. ಮನೆ ಎಷ್ಟೇ ದೊಡ್ಡದಿರಲಿ, ಬರುವ ಬೆಕ್ಕಿಗೆ ಬಾಗಿಲು ತೆರೆದು ಹೋಗುವ ಬೆಕ್ಕಿಗೆ ದಾರಿ ಮಾಡದಿದ್ದರೆ ಅದು ಸಾಲುವುದಿಲ್ಲ. ಎಣಿಕೆಯೂ ದಿನಾಂಕವೂ ನಿಮ್ಮ ಕೈಯಲ್ಲಿದ್ದರೆ ಹತ್ತಡಿ ಕೋಣೆಯೊಂದೇ ವರ್ಷಕ್ಕೆ ಹಲವು ಮರಿಗಳನ್ನು ಬದುಕಿಸಿ ದಡ ಸೇರಿಸಬಲ್ಲದು.

ಫಾಸ್ಟರ್ ಮಾಡುವುದು ಎಂದರೆ

ಬೆಕ್ಕನ್ನು ಸಾಕಿಕೊಳ್ಳುವುದು ಬೇರೆ, ಫಾಸ್ಟರ್ ಮಾಡುವುದು ಬೇರೆ. ಮರಿ ಬೆಳೆಯುವವರೆಗೆ, ಗಾಯ ಮಾಯುವವರೆಗೆ, ಇಲ್ಲವೇ ಒಳ್ಳೆಯ ಮನೆ ಸಿಗುವವರೆಗೆ ಕೊಡುವ ತಾತ್ಕಾಲಿಕ ಆಸರೆಗೆ ಫಾಸ್ಟರ್ ಎನ್ನುತ್ತಾರೆ. ಹಾಲು ಬಿಟ್ಟ ಮರಿಗಾದರೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಸಾಕು.

ಇದರ ಅಗತ್ಯ ಏಕೆ ಎಂದರೆ ಬೆಕ್ಕಿನ ಸಂತಾನ ಹೆಚ್ಚುವ ವೇಗ. ಹಗಲು ಉದ್ದವಾದಂತೆ ಹೆಣ್ಣುಬೆಕ್ಕು ಬೆದೆಗೆ ಬರುತ್ತದೆ. ಗರ್ಭಾವಧಿ ಸುಮಾರು ಒಂಬತ್ತು ವಾರ. ಮರಿಗೆ ನಾಲ್ಕೈದು ತಿಂಗಳು ತುಂಬುವಷ್ಟರಲ್ಲಿ ಅದೇ ಗರ್ಭ ಧರಿಸಬಲ್ಲದು. ಆಶ್ರಯಧಾಮಗಳು ಎಷ್ಟಿದ್ದರೂ ಎಳೆಯ ಮರಿಗಳಿಗೆ ಅವು ತಕ್ಕ ಜಾಗವಲ್ಲ. ಹತ್ತಾರು ಕಡೆಯಿಂದ ಬಂದ ಬೆಕ್ಕುಗಳ ನಡುವೆ ಲಸಿಕೆಯಿಲ್ಲದ ಮರಿಗೆ ಸೋಂಕು ತಗಲುವ ಅಪಾಯ ಹೆಚ್ಚು. ಒಂದು ಶಾಂತವಾದ ಮನೆಯ ಮೂಲೆ ಅದಕ್ಕಿಂತ ಸುರಕ್ಷಿತ.

ಚಿಕ್ಕ ಜಾಗದಲ್ಲಿ ಬೆಕ್ಕಿಗೆ ಏನಾಗುತ್ತದೆ

ಕ್ರಮಗಳನ್ನು ಓದುವ ಮೊದಲು ಕಾರಣ ತಿಳಿದಿರಲಿ. ಕಾರಣ ಗೊತ್ತಿದ್ದರೆ ನಿಮ್ಮ ಮನೆಗೆ ತಕ್ಕ ಉಪಾಯವನ್ನು ನೀವೇ ಹುಡುಕಿಕೊಳ್ಳುತ್ತೀರಿ.

ಬೆಕ್ಕು ತನ್ನ ಎಲ್ಲೆಯನ್ನು ವಾಸನೆಯಿಂದ ಗುರುತಿಸುವ ಪ್ರಾಣಿ. ಗೊತ್ತಿಲ್ಲದ ಜಾಗಕ್ಕೆ ಬಂದಾಗ ಅದಕ್ಕೆ ಮೊದಲು ಬೇಕಾಗುವುದು ಅವಿತುಕೊಳ್ಳಲು ಒಂದು ಸಂದು. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಅಡಗುಪೆಟ್ಟಿಗೆ ಕೊಟ್ಟು ನೋಡಿದರು. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಉಳಿದವಕ್ಕಿಂತ ಬೇಗ ಹೊಂದಿಕೊಂಡವು. ಒಂದು ರಟ್ಟಿನ ಡಬ್ಬಿಯಿಂದ ಆಗುವ ಕೆಲಸ ಇದು.

ಬೆಕ್ಕು ಗಾಬರಿಯಲ್ಲಿದ್ದರೆ ರೋಗವೂ ಹೊರಬರುತ್ತದೆ. ಬೆಕ್ಕುಗಳ ನೆಗಡಿಗೆ ಕಾರಣವಾಗುವ ಹರ್ಪಿಸ್ ವೈರಸ್ ಒಮ್ಮೆ ಹೊಕ್ಕರೆ ಮೈಯಲ್ಲೇ ಉಳಿದು, ಬೆಕ್ಕು ಒತ್ತಡಕ್ಕೆ ಸಿಕ್ಕಾಗ ಮತ್ತೆ ಕೆರಳುತ್ತದೆ. ಒಂದೇ ಕೋಣೆಯಲ್ಲಿ ಐದಾರು ಬೆಕ್ಕು ಕಿಕ್ಕಿರಿದರೆ ಮೊದಲು ಜಗಳ, ಆಮೇಲೆ ಸೀನು, ಕಣ್ಣಲ್ಲಿ ಪಿಸಿರು, ಕೊನೆಗೆ ಎಲ್ಲವೂ ಊಟ ಬಿಡುವುದು, ಹೀಗೆ ಒಂದರ ಹಿಂದೆ ಒಂದು.

ಹಾಗಾದರೆ ಎಷ್ಟು ಜಾಗ ಬೇಕು? ಆಶ್ರಯಧಾಮಗಳಲ್ಲಿ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೊಂದು ರೂಪಿಸಿದ ಮಾರ್ಗಸೂಚಿ ಇಲ್ಲಿ ಒಳ್ಳೆಯ ಅಳತೆಗೋಲು: ಗುಂಪಿನಲ್ಲಿಟ್ಟರೆ ದೊಡ್ಡ ಬೆಕ್ಕೊಂದಕ್ಕೆ 18 ಚದರ ಅಡಿ ನೆಲ, ಒಂಟಿಯಾಗಿಟ್ಟರೆ ಕನಿಷ್ಠ 8 ಚದರ ಅಡಿ. ಹತ್ತಡಿಗೆ ಹತ್ತಡಿ ಬೆಡ್‌ರೂಮಿನಲ್ಲಿ ಮಂಚ, ಕಪಾಟು ಕಳೆದರೆ ಉಳಿಯುವುದು ಸುಮಾರು 40–50 ಚದರ ಅಡಿ. ಅಂದರೆ ಎರಡು ದೊಡ್ಡ ಬೆಕ್ಕು, ಇಲ್ಲವೇ ಒಂದು ತಾಯಿ ಮತ್ತು ಅದರ ಮರಿಗಳು. ಅಲ್ಲಿಗೆ ಮುಗಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಿ.

ತರುವ ಮೊದಲು ಐದು ಪ್ರಶ್ನೆ

ಮರಿಯನ್ನು ಎತ್ತಿಕೊಳ್ಳುವ ಮುನ್ನ ಇವಕ್ಕೆ ಉತ್ತರ ಇಟ್ಟುಕೊಳ್ಳಿ.

1. ಈ ಮರಿಗೆ ನಿಜಕ್ಕೂ ಆಸರೆ ಬೇಕೇ? ಮರಿಗಳು ಬೆಚ್ಚಗಿದ್ದು, ಹೊಟ್ಟೆ ತುಂಬಿ, ಸದ್ದಿಲ್ಲದೆ ಮಲಗಿದ್ದರೆ ತಾಯಿ ಆಹಾರಕ್ಕೆ ಹೋಗಿರುತ್ತದೆ. ದೂರದಿಂದ ಕೆಲವು ಗಂಟೆ ಕಾದು ನೋಡಿ. ಎಳೆಯ ಮರಿಗೆ ತಾಯಿಗಿಂತ ಒಳ್ಳೆಯ ಆರೈಕೆ ಯಾರಿಂದಲೂ ಆಗದು. ತರಲೇಬೇಕಾದರೆ ತಾಯಿಯನ್ನೂ ಜೊತೆಗೆ ತನ್ನಿ.

2. ಮನೆಯಲ್ಲಿ ಯಾರಿರುತ್ತಾರೆ? ಕಣ್ಣು ಬಿಡದ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಹಾಲು ಕುಡಿಸಬೇಕು. ಗಂಡ ಹೆಂಡತಿ ಇಬ್ಬರೂ ಹಿಂಜೇವಾಡಿಯ ಕಚೇರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವವರಾದರೆ ಇದು ಸಾಗುವುದಿಲ್ಲ. ಅಂಥವರು ಆರು ವಾರ ದಾಟಿದ, ತಾನೇ ತಿನ್ನುವ ಮರಿಯನ್ನೋ ದೊಡ್ಡ ಬೆಕ್ಕನ್ನೋ ಆರಿಸಿಕೊಳ್ಳಲಿ.

3. ಮಾಲೀಕರು ಒಪ್ಪಿದ್ದಾರೆಯೇ? ಬಾಡಿಗೆ ಮನೆಯಾದರೆ ಒಪ್ಪಿಗೆಯನ್ನು ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಬರಹದಲ್ಲಿ ಪಡೆಯಿರಿ.

4. ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ಗಣೇಶ ಚೌತಿ, ದೀಪಾವಳಿಗೆ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಹಾದಿ ಹಿಡಿಯುವ ಕನ್ನಡಿಗರು ಪುಣೆಯಲ್ಲಿ ಸಾವಿರಾರು. ಎಳೆ ಮರಿಯನ್ನು ಬಸ್ಸಿನಲ್ಲಿ ಹೊತ್ತೊಯ್ಯುವುದು ಬೇಡ. ನೆರೆಯಲ್ಲಿ ಒಬ್ಬರನ್ನು ಮೊದಲೇ ಒಪ್ಪಿಸಿಡಿ.

5. ಎಂದು, ಎಲ್ಲಿಗೆ ಹೋಗುತ್ತದೆ? ಮರಿಗೆ ಮನೆ ಸಿಗದಿದ್ದರೆ ಮುಂದೇನು ಎಂಬುದಕ್ಕೂ ಒಂದು ಉತ್ತರ ಇರಲಿ. ಸಂಸ್ಥೆಯೊಂದರ ಮೂಲಕ ಫಾಸ್ಟರ್ ಮಾಡುತ್ತಿದ್ದರೆ ಔಷಧದ ಖರ್ಚು ಯಾರದು, ವಾಪಸು ಪಡೆಯುವವರು ಯಾರು ಎಂಬುದನ್ನು ಮೊದಲೇ ಮಾತಾಡಿ. ಬಾವಧನ್‌ನ ರೆಸ್ಕ್ಯೂ ಚಾರಿಟಬಲ್ ಟ್ರಸ್ಟ್, ಮುಂಢವಾದ ಬ್ಲೂ ಕ್ರಾಸ್ ಸೊಸೈಟಿಯಂಥ ಸಂಸ್ಥೆಗಳು ಪುಣೆಯಲ್ಲಿವೆ. ಮರಿ ಹಿಡಿದುಕೊಂಡು ಬಾಗಿಲಿಗೆ ಹೋಗುವ ಬದಲು ಮೊದಲು ಫೋನ್ ಮಾಡಿ ಕೇಳಿ.

ಹಂತ ಹಂತವಾಗಿ

1. ಬಾಗಿಲು ಹಾಕಬಹುದಾದ ಒಂದು ಜಾಗ ಆರಿಸಿ. ಮನೆಯಿಡೀ ಬಿಟ್ಟುಬಿಡುವುದು ಪ್ರೀತಿಯಂತೆ ಕಾಣುತ್ತದೆ, ಆದರೆ ಬೆದರಿದ ಬೆಕ್ಕಿಗೆ ಚಿಕ್ಕ ಜಾಗವೇ ಧೈರ್ಯ ಕೊಡುತ್ತದೆ. ಬೆಡ್‌ರೂಮಿನ ಒಂದು ಮೂಲೆ ಒಳ್ಳೆಯದು. ಎರಡನೆಯ ಬಾತ್‌ರೂಮಿದ್ದು ಅದನ್ನು ಒಣಗಿಸಿಡಲು ಸಾಧ್ಯವಿದ್ದರೆ ಅದೂ ಆಗುತ್ತದೆ. ನೀರು ತುಂಬಿದ ಬಕೆಟ್ ಇರಬಾರದು, ಕಮೋಡ್ ಮುಚ್ಚಿರಬೇಕು, ನೆಲದ ಜಾಲರಿ ಗಟ್ಟಿಯಾಗಿರಬೇಕು. ಪ್ರತ್ಯೇಕ ಕೋಣೆ ಇಲ್ಲವೇ ಇಲ್ಲ ಎನ್ನುವವರು ನಾಯಿಗಳಿಗೆಂದು ಮಾರುವ 42 ಇಂಚಿನ ಮಡಚುವ ತಂತಿ ಪಂಜರ ತನ್ನಿ. ಅದರ ನೆಲ ಸುಮಾರು 8 ಚದರ ಅಡಿ. ಬೆಕ್ಕು ಅದರಲ್ಲೇ ದಿನವಿಡೀ ಇರಬಾರದು, ಹೊತ್ತಿಗೆ ಒಮ್ಮೆ ಬಾಗಿಲು ಹಾಕಿದ ಕೋಣೆಯಲ್ಲಿ ಆಡಲು ಬಿಡಿ.

2. ಕಿಟಕಿ, ಬಾಲ್ಕನಿ ಭದ್ರಪಡಿಸಿ. ಬೆಕ್ಕು ಎತ್ತರದಿಂದ ಬಿದ್ದರೂ ಏನೂ ಆಗದು ಎಂಬ ನಂಬಿಕೆ ಸುಳ್ಳು. ದವಡೆ, ಎದೆ, ಕಾಲುಗಳು ಮುರಿಯುವುದು ಸಾಮಾನ್ಯ. ಪುಣೆಯ ಫ್ಲ್ಯಾಟುಗಳ ಕಿಟಕಿ ಸರಳುಗಳ ನಡುವಿನ ಸಂದು ಮರಿಯ ತಲೆಗೆ ಧಾರಾಳ; ತಲೆ ತೂರಿದರೆ ಮೈಯೂ ತೂರುತ್ತದೆ. ಪಾರಿವಾಳ ತಡೆಯಲು ಹಾಕಿಸುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು. ಕಬ್ಬಿಣದ ಇಲ್ಲವೇ ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಅದು ಆಗುವವರೆಗೆ ಬಾಲ್ಕನಿ ಬಾಗಿಲು ಮುಚ್ಚಿರಲಿ.

3. ಅಡಗಲು ಒಂದು, ಹತ್ತಲು ಒಂದು. ಎರಡು ಕಡೆ ರಂಧ್ರ ಕೊರೆದ ರಟ್ಟಿನ ಡಬ್ಬಿ ಅಡಗಲು ಸಾಕು. ಮಗುಚಿಟ್ಟ ಗಟ್ಟಿ ಕ್ರೇಟು, ಸ್ಟೂಲು, ಪುಸ್ತಕದ ಕಪಾಟಿನ ಖಾಲಿ ಅಂಕಣ ಹತ್ತಲು. ನೆಲ ಚಿಕ್ಕದಿದ್ದಾಗ ಗೋಡೆಯೇ ಜಾಗ ಕೊಡುತ್ತದೆ. ಎರಡು ಬೆಕ್ಕುಗಳಿದ್ದರೆ ಒಂದು ಮೇಲೆ, ಒಂದು ಕೆಳಗೆ ಕೂತು ಪರಸ್ಪರ ಮುಖ ನೋಡದೆ ಹೊತ್ತು ಕಳೆಯುತ್ತವೆ, ಜಗಳ ತಾನಾಗಿ ತಪ್ಪುತ್ತದೆ.

4. ಊಟ ಒಂದು ಕಡೆ, ಲಿಟರ್ ಇನ್ನೊಂದು ಕಡೆ. ಲಿಟರ್ ಎಂದರೆ ಬೆಕ್ಕು ಮಲಮೂತ್ರ ಮಾಡಲು ಟ್ರೇಯಲ್ಲಿ ಹರಡುವ ಪದಾರ್ಥ; ಆ ಜಾಗದ ಪಕ್ಕ ಬೆಕ್ಕು ಉಣ್ಣಲು ಇಷ್ಟಪಡದು. ಎರಡರ ನಡುವೆ ಕನಿಷ್ಠ ಎರಡಡಿ ಅಂತರವಿರಲಿ. ದೊಡ್ಡ ಬೆಕ್ಕುಗಳಾದರೆ ಬೆಕ್ಕುಗಳ ಎಣಿಕೆಗಿಂತ ಒಂದು ಟ್ರೇ ಹೆಚ್ಚಿರಲಿ. ಮರಿಗೆ ಅಂಚು ತಗ್ಗಾದ ಅಗಲ ಟ್ರೇ ಬೇಕು. ಎರಡು ತಿಂಗಳೊಳಗಿನ ಮರಿಗೆ ಉಂಡೆ ಕಟ್ಟುವ ಲಿಟರ್ ಬೇಡ. ಅವು ಅದನ್ನು ತಿಂದು ನೋಡುತ್ತವೆ, ಹೊಟ್ಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಹರಿದ ಪತ್ರಿಕೆ, ಮರದ ಗುಳಿಗೆಯ ಲಿಟರ್, ಜರಡಿ ಹಿಡಿದ ಮರಳು, ಯಾವುದಾದರೂ ಆದೀತು. ದಿನಕ್ಕೆರಡು ಬಾರಿ ತೆಗೆಯಿರಿ. ಸೊಸೈಟಿಯ ದೂರುಗಳಲ್ಲಿ ಬಹುಪಾಲು ಶುರುವಾಗುವುದೇ ತೆಗೆಯದ ಟ್ರೇಯಿಂದ.

5. ಮೊದಲ ಹದಿನಾಲ್ಕು ದಿನ ಪ್ರತ್ಯೇಕ. ಮರಿಗಳನ್ನು ಹೆಚ್ಚು ಕೊಲ್ಲುವ ಸೋಂಕುಗಳಲ್ಲೊಂದು ಪ್ಯಾನ್‌ಲ್ಯುಕೋಪೀನಿಯಾ. ವಾಂತಿ, ಭೇದಿ, ಜ್ವರ ಕಾಣಿಸಿದ ಒಂದೆರಡು ದಿನದಲ್ಲೇ ಮರಿ ಕುಸಿಯಬಹುದು. ಸೋಂಕು ತಗಲಿ ಲಕ್ಷಣ ಕಾಣಲು ಹತ್ತು ದಿನಗಳವರೆಗೂ ಹಿಡಿಯಬಹುದಾದ್ದರಿಂದ ಎರಡು ವಾರ ಕಾಯುವುದು ಕ್ಷೇಮ. ಈ ಅವಧಿಯಲ್ಲಿ ಮನೆಯ ಬೆಕ್ಕಿನ ಬಟ್ಟಲು, ಟ್ರೇ, ಆಟಿಕೆ ಯಾವುದೂ ಹೊಸ ಮರಿಯ ಹತ್ತಿರ ಹೋಗಬಾರದು. ಮೊದಲು ಮನೆಯ ಬೆಕ್ಕಿಗೆ ಉಣಿಸಿ, ಆಮೇಲೆ ಫಾಸ್ಟರ್ ಮರಿಯ ಕೋಣೆಗೆ ಹೋಗಿ. ಆ ಕೋಣೆಗೆಂದೇ ಒಂದು ಹಳೆಯ ಅಂಗಿ, ಒಂದು ಜೊತೆ ಚಪ್ಪಲಿ ಇಡಿ. ಹೊರಬಂದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

6. ನೆಲ ಒರೆಸುವ ದ್ರವವನ್ನು ಬದಲಿಸಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಬಳಸುವ ಫಿನಾಯಿಲ್ ಮತ್ತು ಡೆಟ್ಟಾಲ್ ಬೆಕ್ಕಿಗೆ ವಿಷ. ಇಂಥ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಮೈಗೆ ಸೇರುತ್ತದೆ. ನಿತ್ಯಕ್ಕೆ ಸೋಪಿನ ನೀರು ಸಾಕು. ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು, ಸ್ಯಾನಿಟೈಸರ್‌ಗೆ ಅದು ಬಗ್ಗದು. ಅದಕ್ಕೆ ಬ್ಲೀಚ್ ಬೇಕು: ಸುಮಾರು 5 ಪ್ರತಿಶತ ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರವವನ್ನು ಒಂದು ಲೀಟರ್ ನೀರಿಗೆ 30 ಮಿ.ಲೀ.ನಂತೆ ಬೆರೆಸಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡದು, ಆದ್ದರಿಂದ ಮೊದಲು ಸೋಪು ಹಾಕಿ ತೊಳೆದು, ಆಮೇಲೆ ಬ್ಲೀಚ್ ನೀರು ಹಚ್ಚಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಅಲ್ಲಿಯವರೆಗೆ ಬೆಕ್ಕು ಬೇರೆಡೆ ಇರಲಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಬ್ಲೀಚ್ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

7. ಮೊದಲು ಬೆಚ್ಚಗೆ, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು, ಜೀವಕ್ಕೇ ಎರವಾಗಬಹುದು. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮರಿ ಬೇಕೆಂದಾಗ ದೂರ ಸರಿಯಲು ಜಾಗ ಬಿಡಿ. ಮೊದಲ ವಾರದ ಮರಿಯ ಸುತ್ತ 30 ಡಿಗ್ರಿಯಷ್ಟು ಶಾಖ ಬೇಕು. ಡಿಸೆಂಬರ್, ಜನವರಿಯಲ್ಲಿ ಪುಣೆಯ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಆಗ ಇನ್ನೂ ಎಚ್ಚರ ಬೇಕು.

ಆಕಳ ಹಾಲು ಬೇಡ. ಅದರಲ್ಲಿ ಲ್ಯಾಕ್ಟೋಸ್ ಹೆಚ್ಚು, ಮರಿಗೆ ಬೇಕಾದ ಪ್ರೋಟೀನ್, ಕೊಬ್ಬು ಕಡಿಮೆ, ಭೇದಿ ಶುರುವಾಗುತ್ತದೆ. ಬೆಕ್ಕಿನ ಮರಿಗೆಂದೇ ತಯಾರಾದ ಹಾಲಿನ ಪುಡಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಮರಿಯನ್ನು ಬೆನ್ನ ಮೇಲೆ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿಯ ಹೊಟ್ಟೆಗೆ ಬಾಯಿಡುವಂತೆ, ಹೊಟ್ಟೆ ಕೆಳಗಾಗಿಸಿ ಕುಡಿಸಿ. ಮೂರು ವಾರದೊಳಗಿನ ಮರಿಗೆ ಪ್ರತಿ ಸಲ ಹಾಲು ಕೊಟ್ಟಾಗಲೂ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ ಮೂತ್ರ, ಮಲ ಮಾಡಿಸಬೇಕು. ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರ ರೂಢಿಸಿ.

ಬೆಕ್ಕು ಮಾಂಸಾಹಾರಿಯೇ. ಹಾಲು-ಚಪಾತಿಯಲ್ಲಿ, ಮೊಸರನ್ನದಲ್ಲಿ ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಸಿಗದು. ಮನೆಯಲ್ಲಿ ಮಾಂಸ ಬೇಯಿಸದವರು ಮರಿಗಳ ಸಿದ್ಧ ಆಹಾರದ ಪೊಟ್ಟಣ ತಂದು, ಅದಕ್ಕೆಂದೇ ಬೇರೆ ಬಟ್ಟಲು, ಚಮಚ ಇಟ್ಟುಕೊಂಡರೆ ಅಡುಗೆಮನೆಗೆ ತೊಂದರೆಯಾಗದು.

8. ದಿನವೂ ತೂಕ ನೋಡಿ. ಮರಿ ಕಾಯಿಲೆ ಬಿದ್ದದ್ದನ್ನು ಕಣ್ಣಿಗಿಂತ ಮೊದಲು ತಕ್ಕಡಿ ಹೇಳುತ್ತದೆ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಡಬ್ಬಿಯಿಟ್ಟು, ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಒಂದು ದಿನ ಏರದಿದ್ದರೆ ಹಾಲಿನ ಪ್ರಮಾಣ ಗಮನಿಸಿ; ತೂಕ ಇಳಿದರೆ ಅಂದೇ ವೈದ್ಯರಲ್ಲಿಗೆ ಹೋಗಿ.

9. ವೈದ್ಯರ ಪಟ್ಟಿ ಹಾಕಿಕೊಳ್ಳಿ. ಬಂದ ಕೂಡಲೇ ಒಂದು ತಪಾಸಣೆ. ಎರಡು ವಾರದ ವಯಸ್ಸಿನಿಂದ ವೈದ್ಯರು ಹೇಳಿದಷ್ಟೇ ಪ್ರಮಾಣದಲ್ಲಿ ಜಂತುಹುಳದ ಔಷಧ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರಗಳವರೆಗೆ. ರೇಬೀಸ್ ಲಸಿಕೆ ಹನ್ನೆರಡು ವಾರ ತುಂಬಿದ ಮೇಲೆ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮರಿಯ ತೂಕ ಮತ್ತು ಆರೋಗ್ಯ ನೋಡಿ ವೈದ್ಯರು ದಿನ ಹೇಳುತ್ತಾರೆ, ಅದನ್ನು ಮುಂದೂಡಬೇಡಿ.

10. ಕೈಗೆ ರೂಢಿ ಮಾಡಿ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮರಿ ಯಾರನ್ನು ಕಂಡಿತೋ ಅವರನ್ನು ಮುಂದೆಯೂ ಸುಲಭವಾಗಿ ನಂಬುತ್ತದೆ. ಈ ದಿನಗಳಲ್ಲಿ ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ ಹೊತ್ತು ಎತ್ತಿಕೊಳ್ಳಿ, ಪಾದ ಕಿವಿ ಮುಟ್ಟಿ, ಮಿಕ್ಸಿ, ಕುಕ್ಕರ್ ಸದ್ದು ದೂರದಿಂದ ಕೇಳಿಸಿ. ಚಿಕ್ಕ ಮನೆಯ ದೊಡ್ಡ ಅನುಕೂಲ ಇದೇ: ಮರಿ ಸದಾ ಜನರ ಮಧ್ಯೆಯೇ ಬೆಳೆಯುತ್ತದೆ. ಆಟಕ್ಕೆ ಬರಿಗೈ ಕೊಡಬೇಡಿ, ಕೋಲಿನ ತುದಿಗೆ ಗರಿ ಕಟ್ಟಿ ಆಡಿಸಿ.

11. ಮನೆಯ ಬೆಕ್ಕಿಗೆ ನಿಧಾನ ಪರಿಚಯ. ಎರಡು ವಾರ ಕಳೆದು, ವೈದ್ಯರು ಒಪ್ಪಿದ ಮೇಲೆ ಒಂದರ ಹಾಸು ಇನ್ನೊಂದರ ಬಳಿ ಇಡಿ, ವಾಸನೆಯ ಪರಿಚಯವಾಗಲಿ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ. ಕೊನೆಗೆ ಜಾಲರಿ ನಡುವಿಟ್ಟು ಮುಖಾಮುಖಿ. ಬುಸುಗುಟ್ಟಿದರೆ ಒಂದು ಹೆಜ್ಜೆ ಹಿಂದೆ ಹೋಗಿ. ಫಾಸ್ಟರ್ ಮರಿ ಬೇಗ ಹೋಗುವಂತಿದ್ದರೆ ಪರಿಚಯದ ಗೋಜಿಗೇ ಹೋಗದೆ ಪ್ರತ್ಯೇಕವಾಗಿಯೇ ಇಡಬಹುದು. ಇಬ್ಬರಿಗೂ ಅದೇ ಸುಖ.

12. ಹೊಸ ಮನೆ ಹುಡುಕುವ ಕೆಲಸ ಮೊದಲ ವಾರದಿಂದಲೇ. ಫೋಟೊ, ವಯಸ್ಸು, ಸ್ವಭಾವ, ಲಸಿಕೆಯ ವಿವರ ಬರೆದು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಹಂಚಿ. ಎಂಟು ವಾರಕ್ಕಿಂತ ಮೊದಲು ಕೊಡಬೇಡಿ. ಸಾಧ್ಯವಾದರೆ ಜೊತೆಮರಿಗಳನ್ನು ಎರಡಾಗಿ ಕೊಡಿ. ಕೇಳಿ ಬಂದವರ ಮನೆಯ ಕಿಟಕಿಗೆ ಜಾಲರಿ ಇದೆಯೇ, ಮನೆಯವರೆಲ್ಲ ಒಪ್ಪಿದ್ದಾರೆಯೇ, ಸಂತಾನಹರಣ ಮಾಡಿಸುತ್ತಾರೆಯೇ, ಹಿಂದಿನ ಬೆಕ್ಕು ಏನಾಯಿತು ಎಂದು ಸಂಕೋಚವಿಲ್ಲದೆ ಕೇಳಿ. ಸಾಗದಿದ್ದರೆ ಮರಿ ನಿಮಗೇ ವಾಪಸು ಬರಬೇಕೆಂದು ಬರೆಸಿಕೊಳ್ಳಿ.

ಪುಣೆಯ ಋತುಗಳ ಲೆಕ್ಕ

ಏಪ್ರಿಲ್–ಮೇ ತಿಂಗಳಲ್ಲಿ ಮೇಲಿನ ಮಹಡಿಯ ಕೋಣೆ, ಮುಚ್ಚಿದ ಬಾಲ್ಕನಿ ಕಾದ ಕಾವಲಿಯಾಗುತ್ತವೆ. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು ಅಪಾಯದಲ್ಲಿದೆ ಎಂದೇ ತಿಳಿಯಿರಿ. ತಂಪು ಜಾಗಕ್ಕೆ ತಂದು ವೈದ್ಯರಿಗೆ ಫೋನ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೆಚ್ಚು: ಹಾಸು ಒಣಗದು, ಗಜಕರ್ಣದಂಥ ಚರ್ಮದ ಸೋಂಕು ಹರಡುತ್ತದೆ. ಆ ತಿಂಗಳುಗಳಲ್ಲಿ ಹಳೆಯ ಹತ್ತಿ ಬಟ್ಟೆಗಳನ್ನು ಹೆಚ್ಚಾಗಿ ಕೂಡಿಸಿಟ್ಟು ದಿನವೂ ಬದಲಿಸಿ.

ಗಣೇಶೋತ್ಸವದ ಢೋಲ್-ತಾಶಾ ಸದ್ದು ರಸ್ತೆ ಬದಿಯ ಮನೆಗಳನ್ನು ನಡುಗಿಸುತ್ತದೆ. ವಿಸರ್ಜನೆಯ ದಿನ ಬೆಕ್ಕನ್ನು ರಸ್ತೆಯಿಂದ ದೂರದ ಕೋಣೆಯಲ್ಲಿ, ಕಿಟಕಿ ಮುಚ್ಚಿ, ಅಡಗುಡಬ್ಬಿಯ ಜೊತೆ ಇಡಿ. ದೀಪಾವಳಿ ವಾರದಲ್ಲಿ ಮರಿಯನ್ನು ಹೊಸ ಮನೆಗೆ ಕಳಿಸಬೇಡಿ. ಗೊತ್ತಿಲ್ಲದ ಜಾಗ, ಪಟಾಕಿ, ಬಂದು ಹೋಗುವ ನೆಂಟರಿಗೆ ತೆರೆದೇ ಇರುವ ಬಾಗಿಲು, ಎಲ್ಲವೂ ಸೇರಿದರೆ ಬೆಕ್ಕು ಓಡಿಹೋಗುತ್ತದೆ.

ಎಚ್ಚರಿಕೆಗಳು

ಪ್ಯಾರಾಸಿಟಮಾಲ್: ಮನುಷ್ಯರ ಜ್ವರದ ಮಾತ್ರೆಯ ಒಂದು ಚೂರೂ ಬೆಕ್ಕನ್ನು ಕೊಲ್ಲಬಹುದು. ಮನೆಯ ಔಷಧದ ಡಬ್ಬಿಯಿಂದ ಏನನ್ನೂ ಕೊಡಬೇಡಿ.

ನಾಯಿಯ ಉಣ್ಣೆ ಔಷಧ: ಪರ್ಮೆಥ್ರಿನ್ ಇರುವ ಪುಡಿ, ಶಾಂಪೂ, ಹನಿಗಳು ಬೆಕ್ಕಿಗೆ ಮಾರಕ. ಎಳೆ ಮರಿಯ ಚಿಗಟಗಳನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ.

ಲಿಲ್ಲಿ ಹೂ: ಹೂಗುಚ್ಛಗಳಲ್ಲಿ ಬರುವ ಲಿಲ್ಲಿಯ ಪರಾಗ ಮೈಗಂಟಿ, ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ. ಅದು ಮನೆಯೊಳಗೇ ಬರಬಾರದು.

ದಾರ, ಸೂಜಿ, ರಬ್ಬರ್ ಬ್ಯಾಂಡ್, ರಾಖಿ: ನುಂಗಿದರೆ ಕರುಳು ಸುರುಟುತ್ತದೆ. ಬಾಯಿಂದಲೋ ಹಿಂಭಾಗದಿಂದಲೋ ದಾರ ಇಣುಕಿದರೆ ಎಳೆಯಬೇಡಿ, ವೈದ್ಯರಲ್ಲಿಗೆ ಹೋಗಿ.

ವಾಷಿಂಗ್ ಮಷೀನ್, ಫ್ರಿಜ್ ಹಿಂಭಾಗ, ಎತ್ತಿ ಇಳಿಸುವ ಬಾಕ್ಸ್ ಮಂಚ: ಬೆಚ್ಚನೆಯ ಸಂದು ಹುಡುಕುವ ಮರಿಗೆ ಇವೆಲ್ಲ ಬಲೆಗಳು. ಮುಚ್ಚುವ ಮುನ್ನ ಪ್ರತಿ ಸಲವೂ ಮರಿಗಳನ್ನು ಎಣಿಸಿ.

ಕಚ್ಚಿದರೆ, ಪರಚಿದರೆ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಬೆಕ್ಕಿನ ಹಲ್ಲಿನ ಗಾಯ ಚಿಕ್ಕದಾಗಿ ಕಂಡರೂ ಆಳವಿರುತ್ತದೆ, ಬೇಗ ಕೀವು ಕಟ್ಟುತ್ತದೆ.

ಬಸುರಿಯರಿರುವ ಮನೆ: ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಹಾಗಾಗಿ ದಿನವೂ ಟ್ರೇ ತೆಗೆದರೆ ಅಪಾಯ ತಗ್ಗುತ್ತದೆ. ಆ ಕೆಲಸವನ್ನು ಮನೆಯ ಬೇರೊಬ್ಬರು ಮಾಡಲಿ.

ಹಲವರು ಮಾಡುವ ತಪ್ಪುಗಳು

ಒಂದು ಗುಂಪು ಇರುವಾಗಲೇ ಇನ್ನೊಂದನ್ನು ತರುವುದು. ಹೊಸ ಮರಿ ಬಂದ ದಿನ ಹಳೆಯ ಮರಿಗಳ ಹದಿನಾಲ್ಕು ದಿನವೂ ಮತ್ತೆ ಮೊದಲಿನಿಂದ ಶುರು. ಚಿಕ್ಕ ಮನೆಗೆ ಒಂದು ಸಲಕ್ಕೆ ಒಂದೇ ಗುಂಪು ಎಂಬ ನಿಯಮ ಸಡಿಲಿಸಬೇಡಿ.

ಬೀದಿಯಲ್ಲೇ ಬೆಳೆದ, ಮನುಷ್ಯರ ಸಹವಾಸವಿಲ್ಲದ ದೊಡ್ಡ ಬೆಕ್ಕನ್ನು ಪ್ರೀತಿಯಿಂದ ಪಳಗಿಸುತ್ತೇನೆಂದು ಕೂಡಿಹಾಕುವುದು. ಅದಕ್ಕೆ ಮನೆ ಜೈಲು. ಸಂತಾನಹರಣ, ರೇಬೀಸ್ ಲಸಿಕೆ ಮಾಡಿಸಿ ಅದರ ಜಾಗಕ್ಕೇ ಬಿಡುವುದು ಅದಕ್ಕೆ ಮಾಡುವ ನಿಜವಾದ ಉಪಕಾರ.

ಹೆಣ್ಣು ಗಂಡು ಮರಿಗಳನ್ನು ನಾಲ್ಕು ತಿಂಗಳು ದಾಟಿದ ಮೇಲೂ ಶಸ್ತ್ರಚಿಕಿತ್ಸೆಯಿಲ್ಲದೆ ಒಟ್ಟಿಗೆ ಇಡುವುದು. ಅಣ್ಣ ತಂಗಿ ಎಂಬ ಭೇದ ಬೆಕ್ಕಿಗಿಲ್ಲ.

‘ಇದೊಂದನ್ನು ಇಟ್ಟುಕೊಂಡುಬಿಡೋಣ’ ಎಂದು ಪ್ರತಿ ಸಲವೂ ಸೋಲುವುದು. ಒಂದನ್ನು ಇಟ್ಟುಕೊಂಡರೆ ಮುಂದಿನ ಮರಿಗಳಿಗಿದ್ದ ಜಾಗ ಅಲ್ಲಿಗೆ ತುಂಬುತ್ತದೆ. ಇಟ್ಟುಕೊಳ್ಳುವುದಾದರೆ ಸಾಕುವ ನಿರ್ಧಾರವೆಂದೇ ತಿಳಿದು, ಫಾಸ್ಟರ್ ಎಣಿಕೆಯನ್ನು ಇಳಿಸಿಕೊಳ್ಳಿ.

ನೆರೆಯವರು, ಸೊಸೈಟಿ, ಕಾನೂನು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೆಯ ಸೆಕ್ಷನ್ ಇಲ್ಲಿ ಎರಡು ಮಾತು ಹೇಳುತ್ತದೆ. ಪ್ರಾಣಿಯನ್ನು ಅಲುಗಾಡಲು ಆಗದಷ್ಟು ಚಿಕ್ಕ ಪಂಜರದಲ್ಲಿ ಕೂಡಿಡುವುದು ಅಪರಾಧ. ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಅದನ್ನು ತೊರೆದುಬಿಡುವುದೂ ಅಪರಾಧ. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಮೇಲೆ ದಯೆ ತೋರುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಎಣಿಸಿದೆ. ಸಾಕುಬೆಕ್ಕುಗಳ ನೋಂದಣಿ ಪುಣೆ ಮಹಾನಗರಪಾಲಿಕೆಯಲ್ಲಿ ಇದೆ. ಬೆಕ್ಕು ನಿಮ್ಮಲ್ಲೇ ಉಳಿಯುವುದಾದರೆ ಮಾಡಿಸಿಕೊಳ್ಳಿ.

ಕಾನೂನಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಮಾತು. ಮರಿ ತಂದ ದಿನವೇ ಪಕ್ಕದ ಮನೆಯ ಕಾಕೂಗೆ, ವಾಚ್‌ಮನ್‌ಗೆ ತಿಳಿಸಿ: ಎರಡು ಮರಿ, ಎರಡು ತಿಂಗಳು, ಆಮೇಲೆ ಹೋಗುತ್ತವೆ. ಗಡುವು ಕೇಳಿದವರ ತಾಳ್ಮೆ ಹೆಚ್ಚುತ್ತದೆ. ಲಿಟರ್ ಕಸವನ್ನು ಎರಡು ಪದರದ ಚೀಲದಲ್ಲಿ ಕಟ್ಟಿ ಕೊಡಿ, ಕಮೋಡಿಗೆ ಸುರಿಯಬೇಡಿ. ಕಸ ಒಯ್ಯುವವರಿಗೆ ಒಳಗೇನಿದೆ ಎಂದು ಹೇಳಿ. ದೂರು ಬಂದರೆ ವಾದಕ್ಕಿಳಿಯುವ ಮೊದಲು ಒಮ್ಮೆ ಕೋಣೆ ತೋರಿಸಿ. ಶುಚಿಯಾದ ಕೋಣೆ, ಗೋಡೆಗೆ ಅಂಟಿಸಿದ ಲಸಿಕೆ ಚೀಟಿ ಎಷ್ಟೋ ಜಗಳಗಳನ್ನು ಅಲ್ಲೇ ಮುಗಿಸುತ್ತವೆ. ಹಾಗೆ ನೋಡಿಹೋದವರಲ್ಲೇ ಒಬ್ಬರು ಮರಿಯನ್ನು ಕೇಳಿಕೊಂಡು ಬರುವುದೂ ಉಂಟು.

ಶುರು ಮಾಡುವವರಿಗೆ

ಮೊದಲ ಸಲ ಎಳೆಯ ಮರಿಗಳ ಹಿಂಡು ಬೇಡ. ಎರಡು ತಿಂಗಳ ಆಸುಪಾಸಿನ, ತಾನೇ ತಿನ್ನುವ ಎರಡು ಜೊತೆಮರಿಗಳಿಂದ ಶುರು ಮಾಡಿ. ಒಂದಕ್ಕೊಂದು ಜೊತೆಯಾಗಿ ಆಡಿಕೊಳ್ಳುವುದರಿಂದ ನಿಮ್ಮ ಹೊರೆ ಕಡಿಮೆ. ಮರಿಗಳು ಹೋದ ಮೇಲೆ ಕೋಣೆ ತೊಳೆದು, ಒಂದೆರಡು ವಾರ ನೀವೂ ಬಿಡುವು ತೆಗೆದುಕೊಳ್ಳಿ. ಒಂದು ವೇಳೆ ಮರಿ ಉಳಿಯದೆ ಹೋದರೆ ನಿಮ್ಮನ್ನು ಹಳಿದುಕೊಳ್ಳಬೇಡಿ; ತಾಯಿ ಬಿಟ್ಟ ಎಳೆ ಮರಿಗಳಲ್ಲಿ ಕೆಲವು ಎಷ್ಟು ಆರೈಕೆ ಮಾಡಿದರೂ ಉಳಿಯುವುದಿಲ್ಲ. ಆ ಕೋಣೆಗೆ ಲಸಿಕೆಯಿಲ್ಲದ ಇನ್ನೊಂದು ಮರಿಯನ್ನು ತರುವ ಮೊದಲು ಸಾವಿನ ಕಾರಣವನ್ನು ವೈದ್ಯರಿಂದ ತಿಳಿದುಕೊಳ್ಳಿ.

ಇಂದೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ: ಒಮ್ಮೆಗೆ ಎಷ್ಟು ಬೆಕ್ಕು, ಯಾವ ಕೋಣೆ, ಯಾವ ವೈದ್ಯರು, ಹೊರಡುವ ದಿನಾಂಕ. ನಾಲ್ಕೂ ತುಂಬಿದ್ದರೆ ನಿಮ್ಮ ಮನೆ ಸಿದ್ಧ. ಒಂದು ಖಾಲಿಯಿದ್ದರೂ ಮರಿಯನ್ನು ತರುವ ಮೊದಲು ಅದನ್ನು ತುಂಬಿಸಿ.